ಹಳೇ ಕ್ಯಾಸೆಟ್ಟಿಗೆ ಹಳೇ ಕಂಪ್ಯೂಟರೇ ಸರಿ

ಮನೆಯ ವಿಎಚ್‌ಎಸ್ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಲು ಹೊರಟವರಲ್ಲಿ ಹಲವರಿಗೆ ಈಗ ಎದುರಾಗುವುದು ಕಪ್ಪು ಪರದೆ. ವಿಸಿಆರ್ ತಿರುಗುತ್ತಿರುತ್ತದೆ, ಹಳದಿ, ಕೆಂಪು, ಬಿಳಿ ಪಿನ್ನುಗಳು ಸರಿಯಾಗಿ ಕೂತಿರುತ್ತವೆ, ಆನ್‌ಲೈನಿನಲ್ಲಿ ತರಿಸಿದ ಯುಎಸ್‌ಬಿ ಕ್ಯಾಪ್ಚರ್ ಸಾಧನದ ದೀಪವೂ ಉರಿಯುತ್ತಿರುತ್ತದೆ. ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪಿನಲ್ಲಿ ಮಾತ್ರ ಏನೂ ಕಾಣುವುದಿಲ್ಲ. ಕ್ಯಾಸೆಟ್ ಹಾಳಾಗಿದೆ ಎಂದು ಮನೆಯವರು ತೀರ್ಮಾನಿಸಿಬಿಡುತ್ತಾರೆ. ಎಷ್ಟೋ ಸಲ ಅದು ತಪ್ಪು ತೀರ್ಮಾನ, ದುಬಾರಿಯೂ ಹೌದು. ಹಾಳಾಯಿತೆಂದುಕೊಂಡ ಕ್ಯಾಸೆಟ್ ಮುಂದೆ ಗುಜರಿಗೇ ಹೋಗುತ್ತದೆ. ದೋಷ ಇರುವುದು ರೀಲಿನಲ್ಲಲ್ಲ, ಹೊಸ ಆಪರೇಟಿಂಗ್ ಸಿಸ್ಟಮ್ ಹಳೆಯ ಸಾಧನದ ಜೊತೆ ಮಾತು ಬಿಟ್ಟಿರುವುದರಲ್ಲಿ. ಹೀಗಿರುವಾಗ ಪ್ರತಿ ಮನೆಯವರೂ ಹೊಸ ಯಂತ್ರದೊಡನೆ ಗುದ್ದಾಡುವುದರ ಬದಲು, ತಾಲ್ಲೂಕಿಗೆ ಒಂದಾದರೂ ಹಳೆಯ ಕಂಪ್ಯೂಟರನ್ನು ಇದೇ ಕೆಲಸಕ್ಕೆಂದು ಉಳಿಸಿಕೊಳ್ಳುವುದು ಜಾಣತನ.

ಉಳಿಸಿಕೊಳ್ಳುವಂಥದ್ದು ಈ ಕ್ಯಾಸೆಟ್ಟುಗಳಲ್ಲಿ ಏನಿದೆ ಎಂದು ಕೇಳುವವರು ನಮ್ಮ ಹರಪನಹಳ್ಳಿ ಸೀಮೆಯನ್ನೊಮ್ಮೆ ನೋಡಬೇಕು. ಚಿಗಟೇರಿಯ ನಾರದಮುನಿ ತೇರು, ಕೊಟ್ಟೂರಿನ ಗುರುಬಸವೇಶ್ವರನ ತೇರು, ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕ, ಊರೂರಿನ ಬಯಲಾಟ: ಇವುಗಳ ಮುಂದೆ ಟೀವಿ ಚಾನೆಲ್ಲುಗಳ ಕ್ಯಾಮೆರಾಗಳು ಸಾಲುಗಟ್ಟಿದ್ದು ಈಚೆಗೆ. ಅದಕ್ಕೆ ಮೊದಲು ವಿಡಿಯೋ ತೆಗೆದವರು ಮದುವೆಗೆ ಬರುತ್ತಿದ್ದ ಸ್ಟುಡಿಯೋದವರೇ. ಮದುವೆ ಕ್ಯಾಸೆಟ್ಟನ್ನೂ ಹಗುರವಾಗಿ ಕಾಣಬೇಕಿಲ್ಲ. ಅದರಲ್ಲಿ ಸೋಬಾನೆ ಹಾಡಿದ ಅಜ್ಜಿಯರ ದನಿ ಇರುತ್ತದೆ, ಆ ಹಾಡು ಬೇರೆಲ್ಲೂ ದಾಖಲಾಗಿರಲಿಕ್ಕಿಲ್ಲ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಸರ್ಕಾರಿ ಕಡತಗಳು ಇಷ್ಟು ಅಲೆದರೂ ಕ್ಯಾಸೆಟ್ಟುಗಳು ಟ್ರಂಕು ಬಿಟ್ಟು ಅಲುಗಲಿಲ್ಲ. ಅವನ್ನು ಕೇಳುವ ಕಚೇರಿ ಯಾವ ಜಿಲ್ಲೆಯಲ್ಲೂ ಇರಲಿಲ್ಲ ಅನ್ನಿ.

ಕಪ್ಪು ಪರದೆಯ ಹಿಂದೆ ಹಲವು ಕಾರಣಗಳಿವೆ, ಅವನ್ನು ಬೇರ್ಪಡಿಸಿ ನೋಡಬೇಕು. ಎಲ್ಲಕ್ಕಿಂತ ಸುಲಭದ್ದು ಪ್ರೈವೆಸಿ ಸೆಟ್ಟಿಂಗ್. ಈಗಿನ ವಿಂಡೋಸ್ ಕ್ಯಾಪ್ಚರ್ ಸಾಧನವನ್ನು ಕ್ಯಾಮೆರಾ ಎಂದೇ ಎಣಿಸುತ್ತದೆ. ಡೆಸ್ಕ್‌ಟಾಪ್ ತಂತ್ರಾಂಶಗಳಿಗೆ ಕ್ಯಾಮೆರಾ ಬಳಸುವ ಅನುಮತಿ ಇಲ್ಲದಿದ್ದರೆ ಚಿತ್ರ ಬಾರದು. ಮೈಕ್ರೊಫೋನಿನ ಅನುಮತಿ ಬೇರೆಯೇ ಇರುತ್ತದೆ. ಅದನ್ನು ಮರೆತರೆ ಚಿತ್ರ ಬಂದು ದನಿ ಬರುವುದಿಲ್ಲ. ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ 'ಸದ್ದಲೇ' ಎಂದು ಇಡೀ ಜನಸ್ತೋಮವನ್ನು ಸುಮ್ಮನಾಗಿಸಿ ನುಡಿಯುವ ಭವಿಷ್ಯ ಒಂದೇ ಒಂದು ವಾಕ್ಯ. ಮೂಕ ಕಾರಣಿಕವನ್ನು ಯಾರಿಗೆ ತೋರಿಸುವುದು? ಇನ್ನೊಂದು ತೊಡಕು, ಸಾಧನವು ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಗೆ ಹೊಂದಿಸಲ್ಪಟ್ಟಿರುವುದು. ನಮ್ಮದು ಪಾಲ್, ಅಂದರೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಇದು ಅದಲುಬದಲಾದರೆ ಬಣ್ಣ ಹೋಗುತ್ತದೆ, ಚಿತ್ರ ಉರುಳುತ್ತದೆ. ಇವೆರಡನ್ನೂ ಕೂತಲ್ಲೇ ಸರಿಪಡಿಸಬಹುದು. ಸರಿಪಡಿಸಲಾಗದ್ದು ಡ್ರೈವರ್, ಅಂದರೆ ಸಾಧನವನ್ನು ವಿಂಡೋಸ್ ಜೊತೆ ಮಾತಾಡಿಸುವ ತಂತ್ರಾಂಶದ ಸಮಸ್ಯೆ. ಸ್ಟುಡಿಯೋಗಳಲ್ಲಿದ್ದ ಪಿನ್ನಾಕಲ್ ಮುಂತಾದ ಹಳೆಯ ಕಾರ್ಡುಗಳ ಡ್ರೈವರುಗಳಲ್ಲಿ ಎಷ್ಟೋ 32 ಬಿಟ್‌ನ ವಿಂಡೋಸ್ ಎಕ್ಸ್‌ಪಿ ಕಾಲದವು. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ, 64 ಬಿಟ್ ವಿಂಡೋಸ್ ಒಳಗೆ 32 ಬಿಟ್ ಡ್ರೈವರ್ ಏರುವುದೂ ಇಲ್ಲ. ಕಾರ್ಡು ಕೂರಿಸುವ ಹಳೆಯ ಪಿಸಿಐ ಸ್ಲಾಟು ಕೂಡ ಹೊಸ ಮದರ್‌ಬೋರ್ಡುಗಳಿಂದ ಮಾಯವಾಗಿದೆ. ಆ್ಯಪಲ್ ಬಳಸುವವರು ಹಿಗ್ಗಬೇಕಿಲ್ಲ: ಮಿನಿ ಡಿವಿ ಕ್ಯಾಸೆಟ್ಟುಗಳು ಕಂಪ್ಯೂಟರಿಗೆ ಇಳಿಯುತ್ತಿದ್ದ ಫೈರ್‌ವೈರ್ ದಾರಿಯನ್ನು 2025ರ ಮ್ಯಾಕ್‌ಓಎಸ್ ತಾಹೋ ಮುಚ್ಚಿದೆ.

ಇದೆಲ್ಲ ಕಂಪನಿಗಳ ವ್ಯಾಪಾರದ ಹುನ್ನಾರ ಎಂದು ಬೈಯುವುದು ಸುಲಭ, ಅದರಲ್ಲಿ ಒಂದಿಷ್ಟು ಸತ್ಯವೂ ಇದೆ. ಆದರೆ ಡ್ರೈವರುಗಳ ಮೇಲಿನ ಬಿಗಿಗೆ ತಕ್ಕ ಕಾರಣವಿದೆ. ಡ್ರೈವರ್ ಓಡುವುದು ಆಪರೇಟಿಂಗ್ ಸಿಸ್ಟಮ್ಮಿನ ಗರ್ಭಗುಡಿಯಲ್ಲಿ. ಅಲ್ಲಿಗೆ ಕಳ್ಳ ಹೊಕ್ಕರೆ ಬ್ಯಾಂಕಿನ ಪಾಸ್‌ವರ್ಡೂ ಉಳಿಯದು. ಆದ್ದರಿಂದ ಅಂತರ್ಜಾಲದ ಸಲಹೆ ಕೇಳಿ 'ಮೆಮೊರಿ ಇಂಟೆಗ್ರಿಟಿ' ಎಂಬ ವಿಂಡೋಸ್ ರಕ್ಷಣೆಯನ್ನು ಆಫ್ ಮಾಡುವುದು, ಡಿಜಿಟಲ್ ಸಹಿ ಇಲ್ಲದ ಡ್ರೈವರನ್ನು ಬಲವಂತವಾಗಿ ತುರುಕುವುದು ಬೇಡ. ಬ್ಯಾಂಕ್ ವ್ಯವಹಾರ, ಪಹಣಿ, ಮಕ್ಕಳ ಶಾಲೆಯ ಫೀಸು ಎಲ್ಲ ನಡೆಯುವ ಯಂತ್ರವನ್ನು ಒಂದು ಮದುವೆ ಕ್ಯಾಸೆಟ್ಟಿಗಾಗಿ ಬಾಗಿಲು ತೆರೆದು ಕೂರಿಸುವುದು ವಿವೇಕವಲ್ಲ. ಹೊಸ ಯಂತ್ರ ಭದ್ರವಾಗಿರಲಿ, ಹಳೆಯ ಕೆಲಸಕ್ಕೆ ಬೇರೆ ಯಂತ್ರವಿರಲಿ ಎಂದು ನಾನು ಹೇಳುವುದು ಇದಕ್ಕೇ. ಆ ಹಳೆಯ ಯಂತ್ರದಲ್ಲಿ ಓಡುವ ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಬೆಂಬಲ ನಿಂತಿದೆ, ಅದು ಅಪಾಯ ಎಂಬ ಆಕ್ಷೇಪ ಇಲ್ಲಿ ನಿಲ್ಲುವುದಿಲ್ಲ. ಆ ಕಂಪ್ಯೂಟರಿಗೆ ಇಂಟರ್‌ನೆಟ್ ಕೊಡದಿದ್ದರಾಯಿತು. ಅದಕ್ಕೂ ಅಂಜುವವರಿಗೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಇದೆ. ಎಸ್‌ಟಿಕೆ 1160ರಂಥ ಅಗ್ಗದ ಕ್ಯಾಪ್ಚರ್ ಚಿಪ್ಪುಗಳ ಡ್ರೈವರ್ 2012ರಿಂದ ಲಿನಕ್ಸಿನ ಒಳಗೇ ಇದೆ, ಲೈಸೆನ್ಸಿನ ದುಡ್ಡೂ ಇಲ್ಲ. ಕಲಿಯಲು ಒಬ್ಬರು ಬೇಕು, ಅಷ್ಟೇ. ಆ ಒಬ್ಬರು ಮನೆಮನೆಯಲ್ಲೂ ಸಿಗುವುದಿಲ್ಲ ಎಂಬುದು ತಾಲ್ಲೂಕಿಗೊಂದು ಕೇಂದ್ರ ಬೇಕೆನ್ನುವುದಕ್ಕೆ ಇನ್ನೊಂದು ಕಾರಣ.

ಇಷ್ಟೆಲ್ಲ ಯಾಕೆ, ಟೀವಿಯಲ್ಲಿ ಕ್ಯಾಸೆಟ್ ಹಾಕಿ ಮೊಬೈಲಿನಲ್ಲಿ ಹಿಡಿದುಕೊಂಡರಾಯಿತು ಎನ್ನುವವರಿದ್ದಾರೆ. ನೋಡಿ ನಗಲು ಅದು ಸಾಕು. ಆದರೆ ಪರದೆಯ ಮಿಣುಕು, ಕಿಟಕಿಯ ಪ್ರತಿಬಿಂಬ, ಕೋಣೆಯಲ್ಲಿ ಕೂತವರ ಮಾತು ಎಲ್ಲವೂ ಅದರೊಳಗೆ ಸೇರುತ್ತವೆ. ಒಮ್ಮೆ ಸೇರಿದ್ದನ್ನು ತೆಗೆಯಲಾಗದು. ಪಟ್ಟಣದ ಸ್ಟುಡಿಯೋಗಳಲ್ಲಿ ಡಿವಿಡಿ ಮಾಡಿಕೊಡುತ್ತಾರಲ್ಲ ಎಂಬುದು ಇದಕ್ಕಿಂತ ಗಟ್ಟಿಯಾದ ವಾದ. ಮಾಡಿಕೊಡುತ್ತಾರೆ, ನಿಜ. ಆದರೆ ಲೆಕ್ಕ ನೋಡಿ. ಮೂರು ಗಂಟೆಯ ಒಂದು ಕ್ಯಾಸೆಟ್ಟನ್ನು ನಷ್ಟವಿಲ್ಲದೆ ಇಳಿಸಿದರೆ ಹೆಚ್ಚುಕಡಿಮೆ 100 ಜಿಬಿ ಆಗುತ್ತದೆ. ಡಿವಿ ರೂಪದಲ್ಲಾದರೂ ಗಂಟೆಗೆ 13 ಜಿಬಿಯಂತೆ 39 ಜಿಬಿ. ಅದನ್ನು 4.7 ಜಿಬಿಯ ಡಿವಿಡಿಗೆ ಹಿಂಡಿದಾಗ ಬಯಲಾಟದ ಕಿರೀಟದ ಕುಸುರಿ, ಇರುಳಿನ ದೀಪದ ಬೆಳಕಿನಲ್ಲಿ ಮೊದಲೇ ಮಸುಕಾಗಿದ್ದ ಮುಖ, ಚೌಕಚೌಕವಾಗಿ ಒಡೆಯುತ್ತವೆ. ಡಿವಿಡಿ ಇರಲಿ, ಅದು ಪ್ರತಿಯಾಗಿರಲಿ. ಮೂಲವಾಗಿ ಉಳಿಯಬೇಕಾದದ್ದು ದೊಡ್ಡ ಕಡತ, ಅದೂ ಎರಡು ಹಾರ್ಡ್‌ಡಿಸ್ಕುಗಳಲ್ಲಿ.

ಕಾಲದ ಒತ್ತಡವೂ ಇದೆ. ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿದ ಮೇಲೆ ಹೊಸ ಯಂತ್ರ ಬಂದಿಲ್ಲ. ಹೆಡ್ಡು ಸವೆದರೆ ಇನ್ನೊಂದು ಹಳೆಯ ವಿಸಿಆರ್ ಬಿಚ್ಚಬೇಕು. ಟೇಪಿನ ಮಾಹಿತಿ ಉಳಿಸಿಕೊಳ್ಳಲು 2025ನ್ನೇ ಗಡುವಾಗಿ ಆಸ್ಟ್ರೇಲಿಯಾದ ರಾಷ್ಟ್ರೀಯ ಚಿತ್ರ ಮತ್ತು ಧ್ವನಿ ಸಂಗ್ರಹಾಲಯ ಹತ್ತು ವರ್ಷ ಮೊದಲೇ ಸಾರಿತ್ತು. ಗಡುವು ದಾಟಿದ ಮಾತ್ರಕ್ಕೆ ಟ್ರಂಕಿನೊಳಗಿನ ಟೇಪುಗಳೆಲ್ಲ ಒಂದೇ ದಿನ ಸಾಯುವುದಿಲ್ಲ, ಆದರೆ ಓಡಿಸಬಲ್ಲ ಯಂತ್ರ ಮತ್ತು ರಿಪೇರಿ ಬಲ್ಲ ಕೈ ಎರಡೂ ಕಡಿಮೆಯಾಗುತ್ತಿವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಮ್ಮ ವಿಜಯನಗರ ಜಿಲ್ಲೆಯಲ್ಲೇ ಇದೆ, ಜಾನಪದವನ್ನು ಅಭ್ಯಾಸ ಮಾಡುವ ಸಂಸ್ಥೆಯದು. ಕ್ರಮ ಹೇಳಿಕೊಡಲು ಅದಕ್ಕಿಂತ ಹತ್ತಿರದವರು ಯಾರು? ಕೆಲಸ ನಡೆಯುವ ಜಾಗ ಹರಪನಹಳ್ಳಿ, ಕೊಟ್ಟೂರು, ಹಡಗಲಿಯ ಸಾರ್ವಜನಿಕ ಗ್ರಂಥಾಲಯಗಳೇ ಆಗಬಹುದು. ಕ್ಯಾಸೆಟ್ಟು ಮನೆಯವರದೇ, ವಾಪಸ್ಸು ಅವರಿಗೇ. ತೇರು, ಬಯಲಾಟ, ಹಾಡು ಇದ್ದ ಭಾಗದ ಒಂದು ಪ್ರತಿಯನ್ನು ಅವರ ಒಪ್ಪಿಗೆ ಇದ್ದರೆ ಮಾತ್ರ ಇಟ್ಟುಕೊಳ್ಳಬೇಕು. ಮೂರು ಗಂಟೆಯ ಕ್ಯಾಸೆಟ್ ಇಳಿಯಲು ಮೂರು ಗಂಟೆಯೇ ಬೇಕು, ಇದರಲ್ಲಿ ಅವಸರದ ದಾರಿ ಇಲ್ಲ. ಒಂದು ಯಂತ್ರಕ್ಕೆ ದಿನಕ್ಕೆ ಎರಡು ಕ್ಯಾಸೆಟ್ ಎಂದು ಹಿಡಿದೇ ಸರದಿ ಮಾಡಬೇಕು. ಇನ್ನು ಕಂಪ್ಯೂಟರಿನ ಖರ್ಚು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೂ ಬೆಂಬಲ ನಿಂತಿದ್ದರಿಂದ, ವಿಂಡೋಸ್ 11 ಒಪ್ಪದ ಯಂತ್ರಗಳು ಶಾಲೆ, ಕಚೇರಿಗಳಿಂದ ಇ-ತ್ಯಾಜ್ಯದ ಹರಾಜಿಗೆ ಹೊರಡುವ ಹೊತ್ತಿದು. ಹರಾಜಿನ ಪಟ್ಟಿಗೆ ಸಹಿ ಹಾಕುವ ಅಧಿಕಾರಿಗಳು ಪಿಸಿಐ ಸ್ಲಾಟು ಇರುವ ಒಂದೆರಡನ್ನು ಪಟ್ಟಿಯಿಂದ ತೆಗೆದು ಗ್ರಂಥಾಲಯಕ್ಕೆ ಕಳಿಸಿದರೆ ಸಾಕು, ಕೆಲಸ ಶುರುವಾಗುತ್ತದೆ.