ಅಣ್ಣನವರ ಟ್ರಂಕು



ಕಳೆದ ಬೇಸಿಗೆಯಲ್ಲಿ ಕಳ್ಳಕವಟಗಿಯ ನಮ್ಮ ಹಿರಿಯ ಮನೆಯ ಅಟ್ಟದಿಂದ ಒಂದು ತಗಡಿನ ಟ್ರಂಕನ್ನು ಕೆಳಗಿಳಿಸಿದೆವು. ಅದರೊಳಗೆ ಲಿಂಗೈಕ್ಯರಾದ ನಮ್ಮ ಅಣ್ಣನವರು ಹತ್ತಾರು ವರ್ಷ ಕೂಡಿಸಿಟ್ಟ 143 ಡಿ.ವಿ.ಡಿ.ಗಳಿದ್ದವು. ರಾಮಾಯಣ, ಮಹಾಭಾರತ, ಮಾಲ್ಗುಡಿ ಡೇಸ್ ಮೊದಲಾದ ದೂರದರ್ಶನ ಧಾರಾವಾಹಿಗಳ ಸೆಟ್ಟುಗಳನ್ನು ಅವರು ಅಂಗಡಿಯಲ್ಲಿ ಕೊಂಡು ತಂದಿದ್ದರು. ಉಳಿದವುಗಳನ್ನು ಟಿ.ವಿ.ಗೆ ರೆಕಾರ್ಡರ್ ಜೋಡಿಸಿ ಮನೆಯಲ್ಲಿಯೇ ಮುದ್ರಿಸಿಕೊಂಡಿದ್ದರು. ಅವುಗಳನ್ನು ನೋಡೋಣವೆಂದರೆ ಪ್ಲೇಯರು ಕೆಟ್ಟು ಮೂಲೆ ಸೇರಿತ್ತು. ಈಗಿನ ಲ್ಯಾಪ್‌ಟಾಪುಗಳಲ್ಲಿ ಡಿ.ವಿ.ಡಿ. ಹಾಕುವ ಬಾಯಿಯೇ ಇಲ್ಲ. ಅಣ್ಣನವರ ಮೊಮ್ಮಗ ವಿಜಯಪುರದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. "ಮುತ್ಯಾ, ಹೊರಗಿನಿಂದ ಜೋಡಿಸೋ ಡ್ರೈವ್ ತರ್ತೀನಿ. ಎಲ್ಲಾ ಹಾರ್ಡ್‌ಡಿಸ್ಕಿಗೆ ಹಾಕಿ ಟಿ.ವಿ.ಯೊಳಗ ಬರೂಹಂಗ ಮಾಡ್ತೀನಿ. ನಾಲ್ಕು ದಿನದ ಕೆಲಸ ನೋಡು" ಎಂದನು. ಆ ಕೆಲಸ ಐದು ವಾರ ಹಿಡಿಯಿತು.

ಅಣ್ಣನವರಿಗೆ ಈ ಸಂಗ್ರಹದ ಗೀಳು ಏಕೆ ಹತ್ತಿತೆಂಬುದನ್ನು ಮೊದಲು ಹೇಳಬೇಕು. ನಮ್ಮ ಭಾಗದ ಹಳ್ಳಿಗಳಿಗೆ ಟಿ.ವಿ. ಬಂದದ್ದು 1980ರ ದಶಕದಲ್ಲಿ ಎಂದೇ ಅನೇಕರು ತಿಳಿದಿದ್ದಾರೆ. ಅದು ಎರಡನೆಯ ಬರುವಿಕೆ. ಮೊದಲು ಬಂದದ್ದು 1975ರ ಆಗಸ್ಟ್ 1ರಂದು. ಅಮೆರಿಕದ ಒಂದು ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ತೋರಿಸುವ 'ಸೈಟ್' ಎಂಬ ಪ್ರಯೋಗವನ್ನು ಆಗ ಕೈಕೊಂಡರು. ಕರ್ನಾಟಕದಲ್ಲಿ ಆರಿಸಿಕೊಂಡ ಜಿಲ್ಲೆಗಳು ಬಿಜಾಪುರ, ಗುಲಬರ್ಗಾ, ರಾಯಚೂರು. ನೆರೆಯ ಊರೊಂದರ ಶಾಲೆಯ ಮುಂದೆ ಜಾಳಿಗೆಯ ದೊಡ್ಡ ಕೊಡೆಯನ್ನು ಆಕಾಶಕ್ಕೆ ಮುಖಮಾಡಿ ನಿಲ್ಲಿಸಿದ್ದರು. ನನಗಾಗ ಹದಿನಾರು ವರ್ಷ. ಮಠದ ಪಾಠ ಮುಗಿಸಿ, ಗುರುಗಳ ಅಪ್ಪಣೆ ಪಡೆದು, ಅಣ್ಣನ ಸೈಕಲ್ಲಿನ ಹಿಂದೆ ಕುಳಿತು ಹೋಗುತ್ತಿದ್ದೆ. ಕನ್ನಡದಲ್ಲಿ ಒಕ್ಕಲುತನ, ಆರೋಗ್ಯ, ಹಾಡು, ಕಥೆ. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು, ಉಪಗ್ರಹವನ್ನು ಹಿಂದಕ್ಕೆ ಸರಿಸಿದರು. ನಾವು ನೋಡಿದ್ದರಲ್ಲಿ ಒಂದು ತುಣುಕೂ ನಮ್ಮ ಕೈಯಲ್ಲಿ ಉಳಿಯಲಿಲ್ಲ. "ಕಂಡದ್ದು ಹೋಯಿತು" ಎಂದು ಅಣ್ಣನವರು ಮುಂದೆ ಬಹಳ ವರ್ಷ ಹಳಹಳಿಸುತ್ತಿದ್ದರು. 1987ರ ಜನವರಿ 25ರಿಂದ ರಾಮಾನಂದ ಸಾಗರರ ರಾಮಾಯಣ ಪ್ರತಿ ರವಿವಾರ ಬರತೊಡಗಿದಾಗಲೂ ಅವರ ಚಿಂತೆ ಅದೇ ಆಗಿತ್ತು: ಇದನ್ನು ಹಿಡಿದಿಡುವುದು ಹೇಗೆ?

ಟಿ.ವಿ.ಯವರೇ ಎಲ್ಲವನ್ನೂ ಕಾಯ್ದಿಡುತ್ತಾರೆಂದು ನಂಬುವಂತಿಲ್ಲ. ಇಂಗ್ಲೆಂಡಿನ ಬಿ.ಬಿ.ಸಿ.ಯಂಥ ದೊಡ್ಡ ಸಂಸ್ಥೆಯೇ 'ಡಾಕ್ಟರ್ ಹೂ' ಧಾರಾವಾಹಿಯ 1960ರ ದಶಕದ ಎಷ್ಟೋ ಕಂತುಗಳ ಟೇಪುಗಳನ್ನು ಅಳಿಸಿಬಿಟ್ಟಿತ್ತು. ಕಳೆದುಹೋದ ಕಂತುಗಳ ಧ್ವನಿಯಾದರೂ ಇಂದು ಕೇಳಸಿಗುವುದು, ಆ ಕಾಲದ ಪ್ರೇಕ್ಷಕರು ಮನೆಯಲ್ಲಿ ಕುಳಿತು ಟೇಪು ಮಾಡಿಕೊಂಡಿದ್ದರಿಂದ. ನಮ್ಮ ಕಡೆಯ ಅಟ್ಟಗಳ ಮಹಿಮೆಯಾದರೂ ಕಡಿಮೆಯೇನಲ್ಲ. ವಿಜಯಪುರದ ಫ.ಗು. ಹಳಕಟ್ಟಿಯವರು 1923ರಲ್ಲಿ ಪ್ರಕಟಿಸಿದ 'ವಚನಶಾಸ್ತ್ರಸಾರ'ದ ಹಿಂದೆ ಮನೆಮನೆಯ ಓಲೆಕಟ್ಟುಗಳಿದ್ದವೆಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕೆಲಸದ ಮಾತು. ಹುಡುಗನು ಮೊದಲ ದಿನ ಹನ್ನೆರಡು ಡಿ.ವಿ.ಡಿ.ಗಳನ್ನು ಇಳಿಸಿದ. ಸಂಜೆ ತೆರೆದು ನೋಡಿದರೆ ಎಲ್ಲವುಗಳ ಹೆಸರೂ ಟೈಟಲ್ 1, ಟೈಟಲ್ 2 ಎಂದಿತ್ತು. ಯಾವುದು ಯಾವ ಧಾರಾವಾಹಿಯ ಎಷ್ಟನೆಯ ಕಂತೋ ತಿಳಿಯದು. ಇದಲ್ಲದೆ ಕೆಲವು ಡಿ.ವಿ.ಡಿ.ಗಳಲ್ಲಿ ನಾಲ್ಕು ಕಂತುಗಳು ಬಿಡಿಬಿಡಿಯಾಗಿಯೂ ಇರುತ್ತವೆ, ನಾಲ್ಕೂ ಕೂಡಿದ ಒಂದೇ ಉದ್ದದ ಕಡತವಾಗಿಯೂ ಇರುತ್ತವೆ. ಅದನ್ನರಿಯದೆ ಎರಡನ್ನೂ ಇಳಿಸಿಕೊಂಡಿದ್ದ. ನನಗೆ ನಗು ಬಂತು. ಮಠದಲ್ಲಿ ಓಲೆಗರಿ ಪ್ರತಿ ಮಾಡಲು ಕಲಿಸುವಾಗ ಗುರುಗಳು ಹಾಕಿಕೊಟ್ಟ ಮೊದಲ ಪಾಠ ಓದುವುದಲ್ಲ, ಎಣಿಸುವುದು. ಕಟ್ಟಿನ ದಾರ ಬಿಚ್ಚುವ ಮೊದಲು ಗರಿಗಳನ್ನು ಎಣಿಸಬೇಕು, ಗರಿಯ ಅಂಚಿನ ಅಂಕೆ ನೋಡಬೇಕು. ದಾರ ಒಮ್ಮೆ ಕಳಚಿತೆಂದರೆ ಗ್ರಂಥ ಗ್ರಂಥವಾಗಿ ಉಳಿಯುವುದಿಲ್ಲ, ಗರಿಗಳ ರಾಶಿಯಾಗುತ್ತದೆ.

ನಮ್ಮ ಪುಣ್ಯಕ್ಕೆ ಅಣ್ಣನವರ ಕಿರ್ದಿ ಪುಸ್ತಕ ಟ್ರಂಕಿನ ತಳದಲ್ಲಿತ್ತು. ಪ್ರತಿ ಡಿ.ವಿ.ಡಿ.ಗೂ ಒಂದು ಅಂಕೆ, ಧಾರಾವಾಹಿಯ ಹೆಸರು, ಕಂತುಗಳು, ತಂದ ದಿನ, ಕೊಟ್ಟ ಹಣ. ಕೆಲವು ಕಡೆ ಯಾರ್ಯಾರು ಕೂಡಿ ನೋಡಿದರೆಂಬುದೂ ಇದೆ. ರಾಮಾಯಣದ 78 ಕಂತುಗಳಿಗೂ ಮಹಾಭಾರತದ 94 ಕಂತುಗಳಿಗೂ ಸಾಲಾಗಿ ಲೆಕ್ಕ ಬರೆದಿದ್ದರು. ತೊಡಕಾದದ್ದು ಮಾಲ್ಗುಡಿ. ಶಂಕರನಾಗ್ ಆಗುಂಬೆಯಲ್ಲಿ ಚಿತ್ರಿಸಿದ ಆ ಕಥಾಮಾಲೆ 1986ರಿಂದ ಪ್ರಸಾರವಾಯಿತು. ಅವರು 1990ರಲ್ಲಿ ಅಗಲಿದ ಬಳಿಕ, 2006ರಲ್ಲಿ ಕವಿತಾ ಲಂಕೇಶ್ ನಿರ್ದೇಶನದಲ್ಲಿ ಅದೇ ಹೆಸರಿನ ಹೊಸ ಕಂತುಗಳು ಬಂದವು. ಒಂದೊಂದು ಕಥೆಯ ಜೊತೆಗೆ 'ಸ್ವಾಮಿ ಮತ್ತು ಸ್ನೇಹಿತರು' ಕಾದಂಬರಿಯಂಥ ಹಲವು ಕಂತುಗಳ ಭಾಗವೂ ಇದೆ. ಟಿ.ವಿ.ಯಲ್ಲಿ ಧಾರಾವಾಹಿಗಳನ್ನು ಪಟ್ಟಿಮಾಡಿ ತೋರಿಸುವ ತಂತ್ರಾಂಶಕ್ಕೆ ಎಷ್ಟನೆಯ ಮಾಲೆ, ಎಷ್ಟನೆಯ ಕಂತು ಎಂದು ಕಡತದ ಹೆಸರಿನಲ್ಲಿಯೇ ತಿಳಿಸಬೇಕು. ಇಲ್ಲವಾದರೆ ಅದು ತನಗೆ ತೋಚಿದ ಹೆಸರು ಹಚ್ಚಿಬಿಡುತ್ತದೆ. ಡಿ.ವಿ.ಡಿ.ಯಲ್ಲಿರುವ ಕ್ರಮ, ಪ್ರಸಾರವಾದ ಕ್ರಮಕ್ಕೆ ಹೊಂದಿಯೇ ಇರುವುದೆಂಬ ಖಾತ್ರಿಯಿಲ್ಲ. ಆದುದರಿಂದ ಒಂದೊಂದು ಕಂತಿನ ಆರಂಭವನ್ನೂ ನೋಡಿ ಹೆಸರು ಬರೆದೆವು. ಇದೊಂದಕ್ಕೇ ಎಂಟು ಸಂಜೆಗಳು ಸಂದವು. ಬೇಸರವೇನೂ ಆಗಲಿಲ್ಲವೆನ್ನಿ. ಹೆಸರು ಬರೆಯುವುದು ಬಿಟ್ಟು ಕಥೆ ನೋಡುತ್ತ ಕುಳಿತದ್ದೇ ಹೆಚ್ಚು.

ಒಂದು ಡಿ.ವಿ.ಡಿ. ಹೆಚ್ಚೆಂದರೆ 4.7 ಜಿ.ಬಿ., ಎರಡು ಪದರದ್ದಾದರೆ 8.5 ಜಿ.ಬಿ. ಹಿಡಿಯುತ್ತದೆ. ಸರಾಸರಿ ಐದೆಂದು ಹಿಡಿದರೂ ನಮ್ಮ ಟ್ರಂಕೆಲ್ಲ ಸುಮಾರು 715 ಜಿ.ಬಿ., ಒಂದು ಟಿ.ಬಿ.ಯ ಹಾರ್ಡ್‌ಡಿಸ್ಕಿನಲ್ಲಿ ಅಡಗುತ್ತದೆ. ಹುಡುಗನು ಕುಗ್ಗಿಸಿ ಇಡೋಣವೆಂದ. ನಾನು ಬೇಡವೆಂದೆ. ಮೊದಲು ಇದ್ದದ್ದು ಇದ್ದಂತೆಯೇ ಒಂದು ಪ್ರತಿಯಾಗಲಿ. ಕುಗ್ಗಿಸಿದ್ದನ್ನು ಮತ್ತೆ ಹಿಗ್ಗಿಸಿ ಮೊದಲಿನಂತೆ ಮಾಡಲು ಬಾರದು. ಹಾರ್ಡ್‌ಡಿಸ್ಕಾದರೂ ಕೆಡುವ ವಸ್ತುವೇ. ಆದ್ದರಿಂದ ಎರಡು ಕೊಂಡು, ಒಂದನ್ನು ವಿಜಯಪುರದಲ್ಲಿಟ್ಟೆವು. ಬೀಗರೊಬ್ಬರು ಪೆನ್‌ಡ್ರೈವಿನಲ್ಲಿ ರಾಮಾಯಣ ಹಾಕಿಕೊಡಿರೆಂದು ಕೇಳಿದರು. ಕೊಡಲಿಲ್ಲ. ಕೊಂಡ ಸೆಟ್ಟು ನಮ್ಮದಾದರೂ ಕೃತಿಯ ಹಕ್ಕು ನಮ್ಮದಲ್ಲ, ಪ್ರತಿಯು ಮನೆಯ ಬಳಕೆಗೆ ಮಾತ್ರ. ಅವರಿಗೆ ಸಿಟ್ಟು ಬಂದಿದೆ.

ನನ್ನ ದೊಡ್ಡ ತಪ್ಪು ಗೊತ್ತಾದದ್ದು ನಾಲ್ಕನೆಯ ವಾರದಲ್ಲಿ. ಚೆಂದದ ಪೆಟ್ಟಿಗೆಗಳ ಸೆಟ್ಟುಗಳನ್ನೇ ಮೊದಲು ತೆಗೆದುಕೊಂಡಿದ್ದೆವು. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಆ ಡಿ.ವಿ.ಡಿ.ಗಳು ಬಹುಮಟ್ಟಿಗೆ ಗಟ್ಟಿಯಾಗಿದ್ದವು. ಕೆಟ್ಟಿದ್ದರೂ ಹಾನಿಯಿರಲಿಲ್ಲ. ರಾಮಾಯಣ ಎಲ್ಲಿಯಾದರೂ ಸಿಕ್ಕೀತು, 2020ರ ಲಾಕ್‌ಡೌನಿನಲ್ಲಿ ದೂರದರ್ಶನದವರೇ ಮತ್ತೆ ತೋರಿಸಿದರಲ್ಲವೆ? ಆದರೆ ಮನೆಯಲ್ಲಿ ಮುದ್ರಿಸಿಕೊಂಡವು ಬೇರೆ ಜಾತಿ. ಅವುಗಳಲ್ಲಿ ಚಿತ್ರವನ್ನು ಹಿಡಿದಿರುವುದು ಒಂದು ತೆಳು ಬಣ್ಣದ ಪದರ. ಬಿಸಿಲು, ಸೆಕೆಗೆ ಅದು ಮಾಸುತ್ತದೆ. ನಮ್ಮ ಸೀಮೆಯ ಬೇಸಿಗೆ, ಪತ್ರಾಸಿನ ಕೆಳಗಿನ ಅಟ್ಟ, ತಗಡಿನ ಟ್ರಂಕು! ಅವುಗಳ ಮೇಲೆ ಕಾಗದದ ಚೀಟಿಗಳನ್ನೂ ಅಂಟಿಸಲಾಗಿತ್ತು. ಅಂಟು ಒಣಗಿ ಎಳೆದಂತೆ ಡಿ.ವಿ.ಡಿ. ಕೊಂಚ ಬಾಗುತ್ತದೆ, ವೇಗವಾಗಿ ತಿರುಗುವಾಗ ಅದುರುತ್ತದೆ. ಚೀಟಿಗಳ ಮೇಲೆ ಮುದ್ದಾದ ಅಕ್ಷರ ಬರೆದು ಅಂಟಿಸಿಕೊಟ್ಟವನು ನಾನೇ. ಇಂಥವು 31 ಇದ್ದವು, ಪೂರ್ತಿ ಬಂದವು 19.

ಅವುಗಳಲ್ಲಿ 61ನೆಯದು ಒಂದು ಒಕ್ಕಲುತನದ ಕಾರ್ಯಕ್ರಮ. ಟಿ.ವಿ.ಯವರು ನಮ್ಮ ತೋಟಕ್ಕೆ ಬಂದು, ದ್ರಾಕ್ಷಿಯ ಚಾಟ್ನಿ ಮಾಡುವುದನ್ನು ಅಣ್ಣನವರ ಬಾಯಿಂದ ಹೇಳಿಸಿದ್ದರು. ಅಣ್ಣನವರು ಮಾತನಾಡುವ ಚಿತ್ರ ನಮ್ಮಲ್ಲಿರುವುದು ಇದೊಂದೇ. ಕಿರ್ದಿಯಲ್ಲಿ ಹನ್ನೊಂದು ನಿಮಿಷವೆಂದು ಬರೆದಿದೆ. ಡ್ರೈವ್ ಓದಲು ಹೋಗಿ ನಡುವೆ ನಿಂತುಬಿಟ್ಟಿತು. ಹುಡುಗನು ವೇಗ ಇಳಿಸಿದ. ಬಾರದ ಜಾಗವನ್ನು ದಾಟಿಹೋಗಿ, ತಿರುಗಿ ಬಂದು ಮತ್ತೆ ಮತ್ತೆ ಓದಿ ನೋಡುವ ತಂತ್ರಾಂಶವೊಂದನ್ನು ಹಚ್ಚಿ ಎರಡು ರಾತ್ರಿ ಬಿಟ್ಟ. ನಾಲ್ಕು ನಿಮಿಷ ಬಂದಿತು. ವೈನಿಯವರನ್ನು ಕರೆದು ತೋರಿಸಿದೆವು. ಮೊದಲ ಸಲ ಮಾತಾಡಲಿಲ್ಲ. ಎರಡನೆಯ ಸಲ, "ಅವರ ಕೈಯಾಗ ಕತ್ತರಿ ಐತಲ್ರಿ, ಅದನ್ನ ನಾವು ಎಲ್ಲೆಲ್ಲಾ ಹುಡುಕೀವಿ" ಎಂದರು. ಮಾತು ನಡುವೆಯೇ ಕಡಿದು, ಅಣ್ಣನವರ ಬೆರಳು ಒಂದು ಕಣ್ಣಿನ ಮೇಲೆ ನಿಂತುಬಿಡುತ್ತದೆ. ಎಲ್ಲಿ ಕತ್ತರಿಸಬೇಕೆಂದು ಅವರು ಹೇಳಿದ್ದು ಮಾತ್ರ ಸಿಗಲಿಲ್ಲ.

ಒಂದು ಡ್ರೈವ್ ಓದದ್ದನ್ನು ಮತ್ತೊಂದು ಹಳೆಯ ಡ್ರೈವ್ ಓದುವುದುಂಟಂತೆ. ಹುಡುಗನು ವಿಜಯಪುರದ ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ ಹುಡುಕುತ್ತಿದ್ದಾನೆ. 61ನೆಯದನ್ನು ಚೀಟಿ ಕೀಳದೆ, ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ, ದೇವರ ಮನೆಯ ತಂಪಾದ ಗೂಡಿನಲ್ಲಿಟ್ಟಿದ್ದೇವೆ. ಅಣ್ಣನವರ ಕಿರ್ದಿಯಲ್ಲಿ ಅದರ ಮುಂದೆ "ನಾಲ್ಕು ನಿಮಿಷ ಬಂದಿದೆ, ಏಳು ಬಾಕಿ" ಎಂದು ಬರೆದು ದಿನಾಂಕ ಹಾಕಿದ್ದೇನೆ.