ಎಲ್ಲ ತಲೆನೋವನ್ನೂ ಸೈನಸ್ ಮೇಲೆ ಹಾಕುವುದು ಬೇಡ

ಮುಂಗಾರು ಹಿಡಿದುಕೊಂಡ ಮೇಲೆ ಬೆಂಗಳೂರಿನ ಖಾಲಿ ಸೈಟುಗಳಲ್ಲಿ ಕಾಂಗ್ರೆಸ್ ಹುಲ್ಲು ಸೊಂಟದೆತ್ತರಕ್ಕೆ ಬೆಳೆದು, ಅಕ್ಕಿನುಚ್ಚು ಚೆಲ್ಲಿದಂತೆ ಬಿಳಿ ಹೂ ಬಿಡುತ್ತದೆ. ಅದೇ ಹೊತ್ತಿಗೆ ಮೆಡಿಕಲ್ ಶಾಪುಗಳ ಕೌಂಟರಿನಲ್ಲಿ ಒಂದೇ ಬಗೆಯ ಮಾತು ಕೇಳಿಬರುತ್ತದೆ: ‘ಸೈನಸ್ ಜೋರಾಗಿದೆ, ತಲೆ ಸಿಡೀತಾ ಇದೆ, ಏನಾದ್ರೂ ಕೊಡಿ.’ ಅಂಗಡಿಯವರು ಸ್ಟ್ರಿಪ್‌ನಿಂದ ನಾಲ್ಕು ಮಾತ್ರೆ ಕತ್ತರಿಸಿ ಕೊಡುತ್ತಾರೆ. ಒಂದೆರಡು ದಿನದಲ್ಲಿ ನೋವು ಇಳಿಯುತ್ತದೆ. ಕೆಲವು ದಿನ ಕಳೆದು ಮೋಡ ಮುಚ್ಚಿದ ಇನ್ನೊಂದು ಬೆಳಿಗ್ಗೆ ಮತ್ತೆ ಅದೇ ಕೆನ್ನೆ, ಹುಬ್ಬಿನ ಮೇಲೆ ಅದೇ ಒತ್ತಡ, ಮತ್ತೆ ಅದೇ ಮಾತ್ರೆ. ಹೀಗೆಯೇ ವರ್ಷಗಟ್ಟಲೆ ಕಳೆದವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ.

ಇವರ ನೋವು ನಿಜ. ಅಲರ್ಜಿಯೂ ಎಷ್ಟೋ ಜನರಲ್ಲಿ ನಿಜವೇ. ಆದರೆ ನೋವಿನ ಮೂಲ ಸೈನಸ್ ಎಂಬ ತೀರ್ಮಾನ ಮಾತ್ರ ಹೆಚ್ಚಿನವರ ವಿಷಯದಲ್ಲಿ ತಪ್ಪು. ಅದನ್ನು ತಿದ್ದುವ ಕೆಲಸವನ್ನು ನರಳುವವರ ತಲೆಗೇ ಕಟ್ಟುವುದು ಸರಿಯಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹಿಡಿದು ಆರೋಗ್ಯ ಇಲಾಖೆಯವರೆಗೆ ಎಲ್ಲರೂ ಹೊರಬೇಕಾದ ಹೊಣೆ ಅದು.

ಅಮೆರಿಕದಲ್ಲಿ ನಡೆದ ಎರಡು ಅಧ್ಯಯನಗಳು ಈ ವಿಷಯದಲ್ಲಿ ಕಣ್ಣು ತೆರೆಸುವಂಥವು. 2004ರಲ್ಲಿ ಪ್ರಕಟವಾದ ಮೊದಲನೆಯದರಲ್ಲಿ, ತಮಗಿರುವುದು ಸೈನಸ್ ತಲೆನೋವು ಎಂದು ನಂಬಿದ್ದ ಅಥವಾ ವೈದ್ಯರಿಂದ ಹಾಗೆ ಹೇಳಿಸಿಕೊಂಡಿದ್ದ 2,991 ಜನರನ್ನು ಪರೀಕ್ಷಿಸಲಾಯಿತು. ಅವರಲ್ಲಿ ಶೇ 88ರಷ್ಟು ಜನರ ಲಕ್ಷಣಗಳು ಮೈಗ್ರೇನ್‌ಗೆ ಹೊಂದಿಕೆಯಾದವು. 2007ರ ಇನ್ನೊಂದು ಅಧ್ಯಯನ ಚಿಕ್ಕದು, ಆದರೆ ಇನ್ನೂ ಆಳವಾದದ್ದು. ತಮಗೆ ಸೈನಸ್ ತಲೆನೋವು ಎಂದು ತಾವೇ ನಿರ್ಧರಿಸಿಕೊಂಡಿದ್ದ 100 ಜನರಲ್ಲಿ ನಿಜವಾಗಿಯೂ ಸೈನಸ್ ಸೋಂಕಿನಿಂದ ನೋವು ಬಂದಿದ್ದದ್ದು ಮೂವರಿಗೆ ಮಾತ್ರ. ಎಂಬತ್ತಕ್ಕೂ ಹೆಚ್ಚು ಜನರಿಗೆ ಇದ್ದದ್ದು ಒಂದಲ್ಲ ಒಂದು ಬಗೆಯ ಮೈಗ್ರೇನ್. ಅವರೆಲ್ಲ ಸೈನಸ್ ಎಂದುಕೊಂಡದ್ದೇಕೆ ಎಂಬುದಕ್ಕೂ ಅದೇ ಅಧ್ಯಯನದಲ್ಲಿ ಉತ್ತರವಿದೆ. ಶೇ 83ರಷ್ಟು ಜನ ಹವಾಮಾನದ ಬದಲಾವಣೆಯನ್ನೂ, ಶೇ 73ರಷ್ಟು ಜನ ಋತು ಬದಲಾಗುವುದನ್ನೂ, ಶೇ 62ರಷ್ಟು ಜನ ಅಲರ್ಜಿಕಾರಕಗಳನ್ನೂ ನೋವಿಗೆ ಕಾರಣವೆಂದು ಹೇಳಿದ್ದರು. ಹವಾ ಬದಲಾದಾಗ ಬರುವ ನೋವು, ಮೂಗು ಕಟ್ಟಿಕೊಂಡಾಗ ಬರುವ ನೋವು ಮೂಗಿನದೇ ಇರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ.

ಗೊಂದಲಕ್ಕೆ ದೇಹದ ರಚನೆಯೂ ಕಾರಣ. ಮುಖದ ಸಂವೇದನೆಯನ್ನು ಮಿದುಳಿಗೆ ಒಯ್ಯುವ ಟ್ರೈಜೆಮಿನಲ್ ನರದ ಕವಲುಗಳು ಹಣೆ, ಕೆನ್ನೆ, ದವಡೆಗಳಿಗೆ ಹರಡಿವೆ. ಮೂಗಿನ ಒಳಪದರಕ್ಕೂ ಸೈನಸ್ ಕುಳಿಗಳಿಗೂ ಹೋಗುವುದು ಅದೇ ನರ. ಮೈಗ್ರೇನ್ ಕೆರಳಿದಾಗ ಈ ನರಜಾಲವೇ ಎಚ್ಚರಗೊಂಡು ಕಣ್ಣಲ್ಲಿ ನೀರು ಬರಿಸುತ್ತದೆ, ಮೂಗು ಸೋರುವಂತೆ ಮಾಡುತ್ತದೆ, ಕೆನ್ನೆ ಬಿಗಿದಂತೆ ಅನ್ನಿಸುತ್ತದೆ. ಮೂಗು ಕಟ್ಟಿದ್ದರಿಂದ ತಲೆ ನೋಯುತ್ತಿದೆ ಎಂದು ರೋಗಿ ತಿಳಿಯುತ್ತಾರೆ. ಎಷ್ಟೋ ಸಲ ಮೂಗು, ತಲೆ ಎರಡನ್ನೂ ಕಾಡುತ್ತಿರುವುದು ಮೈಗ್ರೇನ್ ಒಂದೇ.

ನಿಜವಾದ ಸೈನಸ್ ಸೋಂಕಿನ ಚಹರೆ ಬೇರೆ. ಗಟ್ಟಿಯಾದ ಹಳದಿ ಅಥವಾ ಹಸಿರು ಸಿಂಬಳ, ವಾಸನೆ ಗೊತ್ತಾಗದಿರುವುದು, ಕೆಲವರಿಗೆ ಜ್ವರ, ದಿನಗಟ್ಟಲೆ ಬಿಡದ ನೋವು. ಮೈಗ್ರೇನ್ ಸಾಮಾನ್ಯವಾಗಿ 4 ಗಂಟೆಯಿಂದ 72 ಗಂಟೆಯವರೆಗೆ ಕಾಡಿ ಹಿಂದೆ ಸರಿಯುತ್ತದೆ. ವೈದ್ಯರು ಬಳಸುವ ಮೂರು ಪ್ರಶ್ನೆಗಳ ಸರಳ ಪರೀಕ್ಷೆಯೊಂದಿದೆ. ತಲೆನೋವು ಬಂದಾಗ ಹೊಟ್ಟೆ ತೊಳಸುತ್ತದೆಯೇ? ಬೆಳಕು ಸಹಿಸಲಾಗುವುದಿಲ್ಲವೇ? ಕಳೆದ ಮೂರು ತಿಂಗಳಲ್ಲಿ ಒಂದು ದಿನವಾದರೂ ಈ ನೋವಿನಿಂದ ಕೆಲಸ ಕೆಟ್ಟಿದೆಯೇ? ಮೂರರಲ್ಲಿ ಎರಡಕ್ಕೆ ಹೌದು ಎಂದವರಿಗೆ ಮೈಗ್ರೇನ್ ಇರುವ ಸಾಧ್ಯತೆ ಬಹಳ ಹೆಚ್ಚು. ಕೇಳಲು ಒಂದು ನಿಮಿಷ ಸಾಕು.

ಹಾಗೆಂದು ಅಲರ್ಜಿಯನ್ನು ತಳ್ಳಿಹಾಕುವಂತಿಲ್ಲ, ಕರ್ನಾಟಕದಲ್ಲಂತೂ ಇಲ್ಲವೇ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 1991ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಬೆಂಗಳೂರಿನ ಶೇ 7ರಷ್ಟು ಜನರಿಗೆ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಹುಲ್ಲಿನ ಪರಾಗದಿಂದ ಮೂಗಿನ ಅಲರ್ಜಿ ಇತ್ತು. ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಅವರ ದಾಖಲೆಗಳಲ್ಲಿ, ನಗರದ ಮಕ್ಕಳಲ್ಲಿ ಆಸ್ತಮಾದ ಪ್ರಮಾಣ 1979ರ ಶೇ 9ರಿಂದ 1999ರ ಹೊತ್ತಿಗೆ ಶೇ 29.5ಕ್ಕೆ ಏರಿತ್ತು. ಮೂಗಿನ ಅಲರ್ಜಿಯೂ ಆಸ್ತಮಾವೂ ಬಹುಪಾಲು ಜೊತೆಜೊತೆಗೇ ಸಾಗುವ ಕಾಯಿಲೆಗಳು. ಅಲರ್ಜಿಯಿಂದ ಮೂಗು ಕಟ್ಟಿದರೆ ರಾತ್ರಿಯ ನಿದ್ರೆ ಹಾಳಾಗುತ್ತದೆ, ಹಾಳಾದ ನಿದ್ರೆ ಮೈಗ್ರೇನನ್ನು ಕೆರಳಿಸುತ್ತದೆ. ಮೂಗಿನ ಅಲರ್ಜಿ ಇರುವವರಲ್ಲಿ ಮೈಗ್ರೇನ್ ಹೆಚ್ಚು ಎಂಬುದನ್ನೂ ಸಂಶೋಧನೆಗಳು ಹೇಳಿವೆ. ಹೀಗಾಗಿ ಕೇಳಬೇಕಾದದ್ದು ಅಲರ್ಜಿಯೋ ಮೈಗ್ರೇನೋ ಎಂದಲ್ಲ. ಎರಡೂ ಇರುವ ವ್ಯಕ್ತಿಗೆ ಎರಡಕ್ಕೂ ಸರಿಯಾದ ಮದ್ದು ಸಿಗುತ್ತಿದೆಯೇ ಎಂದು.

ಇದರ ನಡುವೆ ತಪ್ಪಿತಸ್ಥರನ್ನು ಹುಡುಕುವಾಗ ಎಡವುವುದೂ ಉಂಟು. ಫೆಬ್ರುವರಿ, ಮಾರ್ಚ್‌ನಲ್ಲಿ ರಸ್ತೆಬದಿಯ ಟಬೂಬಿಯಾ ಮರಗಳು ಗುಲಾಬಿ, ಹಳದಿ ಹೂ ಹೊತ್ತು ನಿಂತಾಗ ಸೀನುವವರೆಲ್ಲ ಅವುಗಳತ್ತ ಬೆರಳು ತೋರಿಸುತ್ತಾರೆ. ಕಣ್ಣು ಸೆಳೆಯುವ ಹೂಗಳು ನೆಚ್ಚಿಕೊಂಡಿರುವುದು ಹೆಚ್ಚಾಗಿ ಜೇನ್ನೊಣದಂಥ ಕೀಟಗಳನ್ನು. ಅವುಗಳ ಪರಾಗ ಅಂಟಂಟು, ಭಾರ. ಗಾಳಿಯಲ್ಲಿ ದೂರ ಹೋಗುವುದಿಲ್ಲ. ಮೂಗಿಗೆ ತೊಂದರೆ ಕೊಡುವುದು ಹುಲ್ಲು, ಗಾಳಿಮರ, ಕಾಂಗ್ರೆಸ್ ಹುಲ್ಲಿನಂಥ, ಯಾರೂ ತಿರುಗಿ ನೋಡದ ಹೂಗಳ ಪರಾಗ. ಮಳೆಗಾಲದ ತೇವಕ್ಕೆ ಗೋಡೆಯ ಮೇಲೆ ಹಬ್ಬುವ ಬೂಸ್ಟು, ಹಾಸಿಗೆಯ ದೂಳಿನಲ್ಲಿ ಹೆಚ್ಚುವ ಸೂಕ್ಷ್ಮ ನುಸಿಗಳೂ ಇದರಲ್ಲಿ ಪಾಲುದಾರರು. ಶ್ರಾವಣದಲ್ಲಿ ಇವೆಲ್ಲವುಗಳ ಜೊತೆಗೆ ವ್ರತದ ಉಪವಾಸವಿದೆ, ಪೂಜೆಯ ಅಗರಬತ್ತಿ, ಸಾಂಬ್ರಾಣಿ ಹೊಗೆಯಿದೆ. ಹಸಿದ ಹೊಟ್ಟೆ, ಘಾಟು ವಾಸನೆ ಎರಡೂ ಮೈಗ್ರೇನ್‌ನ ಹಳೆಯ ಪ್ರಚೋದಕಗಳು. ಎಲ್ಲವೂ ಒಂದೇ ತಿಂಗಳಲ್ಲಿ ಬಂದಾಗ ದೂರು ಮಾತ್ರ ‘ಹವಾ’ದ ಮೇಲೆ.

ಇನ್ನು ಮಾತ್ರೆಯ ವಿಚಾರ. ಕೌಂಟರಿನಲ್ಲಿ ಕತ್ತರಿಸಿ ಕೊಡುವ ‘ನೆಗಡಿ ಮಾತ್ರೆ’ಯಲ್ಲಿ ಸಾಮಾನ್ಯವಾಗಿ ಪ್ಯಾರಾಸಿಟಮಾಲ್, ಫಿನೈಲೆಫ್ರಿನ್, ಕ್ಲೋರ್‌ಫೆನಿರಮಿನ್ ಸೇರಿರುತ್ತವೆ. ಕೆಲವದರಲ್ಲಿ ಕೆಫೀನ್ ಕೂಡ. ಇವುಗಳಲ್ಲಿ ಕ್ಲೋರ್‌ಫೆನಿರಮಿನ್ ಹಳೆಯ ತಲೆಮಾರಿನ ಔಷಧಿ. ತೂಕಡಿಕೆ ತರಿಸುತ್ತದೆ, ಬೈಕು, ಬಸ್ಸು ಓಡಿಸುವವರಿಗೆ ಅಪಾಯ. ಬಾಯಿಂದ ತೆಗೆದುಕೊಳ್ಳುವ ಫಿನೈಲೆಫ್ರಿನ್ ಕಟ್ಟಿದ ಮೂಗನ್ನು ಬಿಡಿಸುವುದೇ ಇಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ತಜ್ಞರ ಸಮಿತಿ 2023ರಲ್ಲಿ ಒಮ್ಮತದಿಂದ ಹೇಳಿತು. ಅದೇ ವರ್ಷದ ಕೊನೆಗೆ ಭಾರತದ ಔಷಧ ನಿಯಂತ್ರಕರು ಫಿನೈಲೆಫ್ರಿನ್, ಕ್ಲೋರ್‌ಫೆನಿರಮಿನ್‌ಗಳ ಮಿಶ್ರಣವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂಬ ಎಚ್ಚರಿಕೆಯನ್ನು ಲೇಬಲ್ ಮೇಲೆ ಹಾಕಲು ಆದೇಶಿಸಿದರು. ಆದರೂ ದೊಡ್ಡವರ ‘ಸೈನಸ್’ಗೆ ಇಂದಿಗೂ ಅದೇ ಮಾತ್ರೆ.

ಇದಕ್ಕಿಂತ ದೊಡ್ಡ ಅಪಾಯ ಒಳಗೊಳಗೇ ಬೆಳೆಯುತ್ತದೆ. ತಲೆನೋವಿನ ಕಾಯಿಲೆ ಇರುವವರು ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ, ಮಿಶ್ರಣದ ಮಾತ್ರೆಯನ್ನು 10 ದಿನ ಅಥವಾ ಅದಕ್ಕಿಂತ ಹೆಚ್ಚು ದಿನ ನುಂಗುತ್ತ ಮೂರು ತಿಂಗಳು ದಾಟಿದರೆ, ಮಾತ್ರೆಯೇ ತಲೆನೋವು ತರತೊಡಗುತ್ತದೆ. ಮೂಗಿಗೆ ಬಿಡುವ ಡ್ರಾಪ್ಸ್‌ನದೂ ಇದೇ ಕಥೆ. ಕ್ಸೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್ ಇರುವ ಹನಿಗಳು ಕ್ಷಣದಲ್ಲಿ ಮೂಗು ತೆರೆಸುತ್ತವೆ, ನಿಜ. ಮೂರ್ನಾಲ್ಕು ದಿನಕ್ಕಿಂತ ಹೆಚ್ಚು ಬಳಸಿದರೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟಿಕೊಳ್ಳುತ್ತದೆ. ಹನಿ ಬಿಡದೆ ನಿದ್ದೆಯೇ ಬಾರದ ಸ್ಥಿತಿ ತಲುಪಿದವರು ಇ.ಎನ್.ಟಿ. ವೈದ್ಯರ ಬಳಿ ಹೋಗುವುದು ತೀರಾ ತಡವಾಗಿ.

ಕೆಲಸ ಮಾಡುವ ಚಿಕಿತ್ಸೆ ಇಲ್ಲವೆಂದಲ್ಲ, ಅದಕ್ಕೆ ತಾಳ್ಮೆ ಬೇಕು ಅಷ್ಟೆ. ಮೂಗಿನ ಅಲರ್ಜಿ ಪದೇಪದೇ ಕಾಡುವವರಿಗೆ ಅತ್ಯಂತ ಪರಿಣಾಮಕಾರಿಯಾದ ಮದ್ದು ಸ್ಟೀರಾಯ್ಡ್ ಸ್ಪ್ರೇ. ಸ್ಟೀರಾಯ್ಡ್ ಎಂದೊಡನೆ ಜನ ಹೆದರುತ್ತಾರೆ. ಮೂಗಿಗೆ ಸಿಂಪಡಿಸುವ ಪ್ರಮಾಣ ಬಹಳ ಸಣ್ಣದು, ರಕ್ತಕ್ಕೆ ಸೇರುವುದು ಅದಕ್ಕಿಂತ ಕಡಿಮೆ. ಪೂರ್ತಿ ಗುಣ ಕಾಣಲು ಒಂದೆರಡು ವಾರ ಹಿಡಿಯುತ್ತದೆ. ಎರಡು ದಿನ ಬಳಸಿ ‘ಏನೂ ಆಗಲಿಲ್ಲ’ ಎಂದು ಮೂಲೆಗೆಸೆದವರ ಸಂಖ್ಯೆ ಕಡಿಮೆಯಲ್ಲ. ಬಳಸುವ ಕ್ರಮವನ್ನು ಯಾರೂ ತೋರಿಸಿಕೊಟ್ಟಿರುವುದಿಲ್ಲ ಎಂಬುದು ಇನ್ನೊಂದು ಕೊರತೆ. ಮೂಗು ಸೀಟಿಕೊಂಡು, ತಲೆಯನ್ನು ಹಿಂದಕ್ಕೆಸೆಯದೆ ತುಸು ಮುಂದಕ್ಕೆ ಬಾಗಿಸಬೇಕು. ಬಲ ಹೊಳ್ಳೆಗೆ ಎಡಗೈಯಲ್ಲಿ, ಎಡ ಹೊಳ್ಳೆಗೆ ಬಲಗೈಯಲ್ಲಿ ಸ್ಪ್ರೇ ಹಿಡಿದರೆ ತುದಿ ತಾನಾಗಿ ಕಿವಿಯ ಕಡೆಗೆ ವಾಲುತ್ತದೆ, ನಡುವಿನ ಗೋಡೆಗೆ ತಗಲಿ ರಕ್ತ ಒಸರುವುದು ತಪ್ಪುತ್ತದೆ. ಒತ್ತುವಾಗ ಮೆಲ್ಲಗೆ ಉಸಿರೆಳೆದರೆ ಸಾಕು. ಜೋರಾಗಿ ಸೇದಿದರೆ ಔಷಧಿ ಗಂಟಲಿಗಿಳಿದು ವ್ಯರ್ಥವಾಗುತ್ತದೆ.

ಸೀನು, ತುರಿಕೆಗೆ ತೂಕಡಿಕೆ ತರದ ಹೊಸ ಮಾತ್ರೆಗಳಿವೆ, ಫೆಕ್ಸೋಫೆನಡಿನ್, ಲೋರಟಡಿನ್‌ನಂಥವು. ಉಪ್ಪುನೀರಿನಿಂದ ಮೂಗು ತೊಳೆಯುವ ಜಲನೇತಿಯೂ ಹಲವರಿಗೆ ಹಿತ. ಆದರೆ ಆ ನೀರು ಕುದಿಸಿ ಆರಿಸಿದ್ದೇ ಆಗಿರಬೇಕು. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ನಲ್ಲಿ ನೀರಿನಿಂದ ನೇತಿ ಮಾಡಿದ ಇಬ್ಬರು ಮಿದುಳು ತಿನ್ನುವ ಅಮೀಬಾ ಸೋಂಕಿನಿಂದ ಸತ್ತರು.

ಮೈಗ್ರೇನ್‌ಗೂ ಪ್ರತ್ಯೇಕ ಔಷಧಿಗಳಿವೆ. ನೋವು ಶುರುವಾದಾಗ ತೆಗೆದುಕೊಳ್ಳುವ ಟ್ರಿಪ್ಟಾನ್‌ಗಳು ಒಂದು ಬಗೆ, ನೋವು ಪದೇಪದೇ ಬಾರದಂತೆ ದಿನವೂ ತೆಗೆದುಕೊಳ್ಳುವವು ಇನ್ನೊಂದು ಬಗೆ. ಅಲರ್ಜಿ ಇರುವವರ ವಿಷಯದಲ್ಲಿ ವೈದ್ಯರ ಸಲಹೆ ಏಕೆ ಅನಿವಾರ್ಯ ಎಂಬುದು ಇಲ್ಲೇ ಗೊತ್ತಾಗುತ್ತದೆ. ಮೈಗ್ರೇನ್ ತಡೆಯಲು ಹೆಚ್ಚಾಗಿ ಬರೆದುಕೊಡುವ ಪ್ರೊಪ್ರನಲಾಲ್ ಆಸ್ತಮಾ ಇರುವವರ ಉಸಿರುಗೊಳವೆಗಳನ್ನು ಬಿಗಿಯಬಲ್ಲದು. ಮೂಗಿನಲ್ಲಿ ದುರ್ಮಾಂಸ, ಜೊತೆಗೆ ಆಸ್ತಮಾ ಇರುವ ಕೆಲವರಿಗೆ ಆಸ್ಪಿರಿನ್, ಐಬುಪ್ರೊಫೇನ್ ಕೂಡ ಅಪಾಯಕಾರಿ. ಪಕ್ಕದ ಮನೆಯವರಿಗೆ ಒಗ್ಗಿದ ತಲೆನೋವಿನ ಮಾತ್ರೆ ಇವರನ್ನು ತುರ್ತು ಚಿಕಿತ್ಸಾ ಘಟಕಕ್ಕೆ ಸೇರಿಸಬಹುದು.

ಕೆಲವು ತಲೆನೋವುಗಳಿಗೆ ಒಂದು ದಿನವೂ ಕಾಯಬಾರದು. ಸಿಡಿಲು ಬಡಿದ ಹಾಗೆ ಹಠಾತ್ತನೆ ಬಂದದ್ದು, ಜ್ವರ ಮತ್ತು ಕತ್ತು ಬಿಗಿತದೊಂದಿಗೆ ಬಂದದ್ದು, ಕಣ್ಣಿನ ಸುತ್ತ ಬಾವು ಅಥವಾ ದೃಷ್ಟಿ ಮಂಜಾಗುವಿಕೆ ಇರುವುದು, ಕೈಕಾಲಿನ ಬಲ ಕುಂದಿಸುವುದು, 50 ದಾಟಿದ ಮೇಲೆ ಮೊದಲ ಬಾರಿ ಕಾಣಿಸಿಕೊಂಡದ್ದು. ಇವುಗಳಲ್ಲಿ ಯಾವುದಿದ್ದರೂ ನೇರ ಆಸ್ಪತ್ರೆಗೆ ಹೋಗಬೇಕು.

ಸರ್ಕಾರದ ಪಾಲಿನ ಕೆಲಸ ಇಲ್ಲಿಂದ ಶುರು. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳ 2,329 ವಯಸ್ಕರನ್ನು ನಿಮ್ಹಾನ್ಸ್ ತಂಡ ಸಮೀಕ್ಷೆ ಮಾಡಿದಾಗ, ಒಂದು ವರ್ಷದೊಳಗೆ ತಲೆನೋವು ಅನುಭವಿಸಿದವರು ಶೇ 63.9, ಮೈಗ್ರೇನ್ ಇದ್ದವರು ಶೇ 25.2. ನಾಲ್ವರಲ್ಲಿ ಒಬ್ಬರು! ಇಷ್ಟು ದೊಡ್ಡ ಸಮಸ್ಯೆಯನ್ನು ತಜ್ಞರ ಕ್ಲಿನಿಕ್ಕುಗಳಿಗೆ ಬಿಟ್ಟು ಕೂರುವಂತಿಲ್ಲ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ ಪಾರ್ಶ್ವವಾಯು, ಅಪಸ್ಮಾರ, ಮರೆವಿನ ಕಾಯಿಲೆಗಳ ಸಾಲಿನಲ್ಲಿ ತಲೆನೋವನ್ನೂ ಸೇರಿಸಿಕೊಂಡಿದೆ. ಇದು ಸರಿಯಾದ ಹೆಜ್ಜೆ. ತಲೆನೋವಿನ ಕುರಿತ ಅರಿವು ಜಿಲ್ಲಾಸ್ಪತ್ರೆಯಲ್ಲೇ ಉಳಿಯದೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆಶಾ ಕಾರ್ಯಕರ್ತೆಯರಿಗೂ ಇಳಿಯಬೇಕು.

ಜೊತೆಗೆ ಪರಾಗದ ಲೆಕ್ಕವೂ ಬೇಕು. ಚಂಡೀಗಡದ ಪಿಜಿಐ ವೈದ್ಯಕೀಯ ಸಂಸ್ಥೆ ಮತ್ತು ಪಂಜಾಬ್ ವಿಶ್ವವಿದ್ಯಾಲಯ ಸೇರಿ 2022ರಲ್ಲಿ ಆ ನಗರದ ಪರಾಗ ಕ್ಯಾಲೆಂಡರ್ ಹೊರತಂದಿವೆ. ಯಾವ ತಿಂಗಳಲ್ಲಿ ಯಾವ ಗಿಡದ ಪರಾಗ ಗಾಳಿಯಲ್ಲಿ ಹೆಚ್ಚು ಎಂದು ಅಲ್ಲಿನವರು ನೋಡಿಕೊಳ್ಳಬಹುದು. ಬೆಂಗಳೂರಿನಲ್ಲಿ ಪರಾಗ ಸಂಶೋಧನೆ ಹೊಸದಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಎಸ್.ಎನ್. ಆಗಾಶೆ ದಶಕಗಳ ಹಿಂದೆಯೇ ಇಲ್ಲಿನ ಗಾಳಿಯ ಪರಾಗವನ್ನು ಅಧ್ಯಯನ ಮಾಡಿದ್ದರು. ವಾಯು ಗುಣಮಟ್ಟದ ಸೂಚ್ಯಂಕವನ್ನು ದಿನವೂ ಪ್ರಕಟಿಸುವ ರಾಜ್ಯಕ್ಕೆ ಪರಾಗದ ಸೂಚ್ಯಂಕ ಅಸಾಧ್ಯವೇನಲ್ಲ. ಅಲರ್ಜಿಯ ಸ್ಟೀರಾಯ್ಡ್ ಸ್ಪ್ರೇಯನ್ನು ಪರಾಗದ ಕಾಲಕ್ಕೆ ಎರಡು ವಾರ ಮೊದಲೇ ಶುರು ಮಾಡಿದರೆ ಹೆಚ್ಚು ಫಲ ಸಿಗುತ್ತದೆ. ಆದರೆ ಕಾಲ ಯಾವುದೆಂದು ಗೊತ್ತಿರಬೇಕಲ್ಲ? ಕರ್ನಾಟಕ 1975ರಲ್ಲೇ ಪಾರ್ಥೇನಿಯಂ ಅನ್ನು ಹಾನಿಕಾರಕ ಕಳೆಯೆಂದು ಘೋಷಿಸಿತು, 1984ರಲ್ಲಿ ಅದನ್ನು ತಿನ್ನುವ ಮೆಕ್ಸಿಕೊದ ದುಂಬಿಯನ್ನು ಬೆಂಗಳೂರಿನಲ್ಲಿ ಬಿಡಲಾಯಿತು. ಆದರೂ ಹೂ ಬಿಡುವ ಮುನ್ನ ಖಾಲಿ ಸೈಟುಗಳನ್ನು ಸವರುವ ಕೆಲಸ ಇಂದಿಗೂ ನಿಯಮಿತವಾಗಿ ನಡೆಯುತ್ತಿಲ್ಲ. ಅದನ್ನು ಪಾಲಿಕೆ ಸೈಟಿನ ಮಾಲೀಕರಿಂದ ಮಾಡಿಸಬೇಕು, ಮಾಡದವರಿಗೆ ದಂಡ ಹಾಕಬೇಕು.

ಇವುಗಳಲ್ಲಿ ಪರಾಗ ಕ್ಯಾಲೆಂಡರ್‌ಗೆ ಸಮಯ ಬೇಕು, ಹಣ ಬೇಕು. ಆ ಮೂರು ಪ್ರಶ್ನೆಗಳನ್ನು ಕೇಳಲು ಎರಡೂ ಬೇಡ. ‘ಸೈನಸ್’ ಎಂದು ಬರುವ ಪ್ರತಿಯೊಬ್ಬರಿಗೂ ಅವನ್ನು ಕೇಳಿ, ತಿಂಗಳಿಗೆ ಎಷ್ಟು ದಿನ ಮಾತ್ರೆ ನುಂಗುತ್ತಾರೆಂದು ಬರೆದುಕೊಳ್ಳುವಂತೆ ಎಲ್ಲ ಸರ್ಕಾರಿ ಆಸ್ಪತ್ರೆಗಳಿಗೂ ಆರೋಗ್ಯ ಇಲಾಖೆ ಮುಂದಿನ ಮುಂಗಾರಿಗೆ ಮುನ್ನವೇ ಸುತ್ತೋಲೆ ಕಳಿಸಬಹುದು.