ತಪ್ಪಿತಸ್ಥರಿಲ್ಲದ ವಿಚ್ಛೇದನಕ್ಕೂ ಒಂದು ಸಿನಿಮಾ ಬೇಕು

ಹಿಂದೂ ವಿವಾಹ ಕಾಯ್ದೆ ಬಂದದ್ದು 1955ರಲ್ಲಿ. ವಿಚ್ಛೇದನವನ್ನೇ ವಸ್ತುವಾಗಿಸಿಕೊಂಡ ಲಘು ಪ್ರೇಮಹಾಸ್ಯ ‘ಮಿಸ್ಟರ್ ಅಂಡ್ ಮಿಸೆಸ್ 55’ ತೆರೆಕಂಡದ್ದೂ ಅದೇ ವರ್ಷ. ಅದರ ನಿರ್ದೇಶಕ, ನಾಯಕ ಗುರುದತ್ ಹುಟ್ಟಿದ್ದು ಬೆಂಗಳೂರಿನಲ್ಲಿ. ಅದರಲ್ಲಿನ ವ್ಯಂಗ್ಯಚಿತ್ರಗಳು ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರವು. ಅಪ್ಪನ ಉಯಿಲಿನಂತೆ ಆಸ್ತಿ ಸಿಗಲು ಅನಿತಾ ಮದುವೆಯಾಗಲೇಬೇಕು. ಅವಳ ಸೋದರತ್ತೆ ಸೀತಾದೇವಿ, ಕೆಲಸವಿಲ್ಲದ ವ್ಯಂಗ್ಯಚಿತ್ರಕಾರ ಪ್ರೀತಮ್‌ನಿಗೆ ಹಣದ ಆಸೆ ತೋರಿಸಿ ಮದುವೆ ಮಾಡಿಸಿ, ಬೇಗನೆ ವಿಚ್ಛೇದನ ಕೊಡಿಸಲು ಹೊರಡುತ್ತಾಳೆ. ಗಂಡಹೆಂಡಿರಲ್ಲಿ ನಿಜವಾಗಿಯೂ ಪ್ರೀತಿ ಮೂಡುತ್ತದೆ. ಚಿತ್ರ ಇಂದಿಗೂ ನಗಿಸುತ್ತದೆ. ಆದರೆ ಆ ನಗುವಿಗೆ ಒಬ್ಬ ತಪ್ಪಿತಸ್ಥೆ ಬೇಕಾಗಿತ್ತು. ವಿಚ್ಛೇದನದ ಹಕ್ಕು ಕೇಳುವ ಸೀತಾದೇವಿ ಗಂಡಸರನ್ನು ಕಂಡರಾಗದ ಸಿರಿವಂತೆ. ಸಂಸಾರದಲ್ಲೇ ಸುಖ ಕಂಡ, ಪ್ರೀತಮ್‌ನ ಬಡ ಅತ್ತಿಗೆ ಆದರ್ಶ. ಕೊನೆಗೆ ಅನಿತಾಳ ಬಿಡುಗಡೆಗಾಗಿ ಪ್ರೀತಮ್ ತನ್ನ ಮೇಲೆಯೇ ಸುಳ್ಳು ಸಾಕ್ಷ್ಯ ಒದಗಿಸುತ್ತಾನೆ. ಯಾರ ಮೇಲೂ ತಪ್ಪು ಹೊರಿಸದೆ, ಬರೀ ಪರಸ್ಪರ ಒಪ್ಪಿಗೆಯಿಂದ ಬೇರೆಯಾಗುವ ದಾರಿ ಆಗ ಕಾಯ್ದೆಯಲ್ಲೇ ಇರಲಿಲ್ಲ.

ಕಾನೂನು ಆ ಹಂತ ದಾಟಿ ದಶಕಗಳಾಗಿವೆ. 1976ರ ತಿದ್ದುಪಡಿ ಸೇರಿಸಿದ 13ಬಿ ಕಲಂ ಪ್ರಕಾರ, ಒಂದು ವರ್ಷ ಬೇರೆ ಇದ್ದವರು ಪರಸ್ಪರ ಒಪ್ಪಿ ಅರ್ಜಿ ಹಾಕಿ, ಆರು ತಿಂಗಳು ಕಾದು ವಿಚ್ಛೇದನ ಪಡೆಯಬಹುದು. ಆ ಆರು ತಿಂಗಳೂ ಎಲ್ಲ ಪ್ರಕರಣಗಳಲ್ಲಿ ಕಡ್ಡಾಯವಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬೇರೆಯಾಗುವುದು ಹೊರಗಿನಿಂದ ಬಂದ ಖಯಾಲಿ ಎನ್ನುವುದೂ ಸರಿಯಲ್ಲ. ಕನ್ನಡ ನಾಡಿನ ಹಲವು ಸಮುದಾಯಗಳಲ್ಲಿ ಹಿರಿಯರ ಮುಂದೆ ಸೋಡಚೀಟಿ (ಬಿಡುಗಡೆ ಪತ್ರ) ಕೊಡುವ, ಉಡಿಕೆ (ಮರುಮದುವೆ) ಮಾಡಿಕೊಂಡು ಮತ್ತೆ ಸಂಸಾರ ಹೂಡುವ ರೂಢಿಯಿತ್ತು; ಇಂಥ ರೂಢಿಯ ವಿಚ್ಛೇದನವನ್ನು 1955ರ ಕಾಯ್ದೆಯ 29ನೇ ಕಲಂ ಉಳಿಸಿಕೊಂಡಿತು. ಹಿಂದುಳಿದಿರುವುದು ನಮ್ಮ ಕಥನ. ಲೋಕ ಅದಾಲತ್‌ನಲ್ಲಿ ಹಾರ ಬದಲಿಸಿಕೊಂಡು ಒಂದಾದ ದಂಪತಿಯ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ, ಬರಲಿ. ಜಗಳವಿಲ್ಲದೆ ಬೇರೆಯಾದವರ ಸುದ್ದಿ ಅಪರೂಪ. ಈ ಕೊರತೆ ತುಂಬಬಲ್ಲ ಕಥೆ ನಮ್ಮ ಊರುಗಳಲ್ಲೇ ಇದೆ. ಭದ್ರಾವತಿಯ ನ್ಯೂಟೌನ್‌ನ ದಂಪತಿ ಒಪ್ಪಿಗೆಯ ಅರ್ಜಿಗೆ ಸಹಿ ಹಾಕಿದ್ದಾರೆನ್ನಿ. ಕ್ವಾರ್ಟರ್ಸ್‌ನಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ನ್ಯಾಯಾಲಯಕ್ಕೆ ಇಬ್ಬರೂ ಹೋಗುವುದು ಒಂದೇ ಬಸ್ಸಿನಲ್ಲಿ, ಟಿಕೆಟ್ ಮಾತ್ರ ಬೇರೆ ಬೇರೆ. ಅವರಿಗಿಂತ ನೆಂಟರಿಗೇ ಹೆಚ್ಚು ಆತಂಕ. ಇಲ್ಲಿ ನಗು ಹುಟ್ಟುವುದು ಸುತ್ತಲಿನವರ ಗಾಬರಿಯಿಂದ. ಹೆಂಡತಿಯನ್ನು ಗಯ್ಯಾಳಿಯಾಗಿಸಬೇಕಿಲ್ಲ, ಗಂಡನನ್ನು ಪೆದ್ದನಾಗಿಸಬೇಕಿಲ್ಲ.

ಇಂಥ ಚಿತ್ರ ಮದುವೆಯನ್ನೇ ಹಗುರ ಮಾಡುತ್ತದೆ ಎಂಬ ಆಕ್ಷೇಪವಿದೆ. ಆದರೆ ಸಿನಿಮಾ ನೋಡಿ ಯಾರೂ ಕೋರ್ಟಿಗೆ ಹೋಗುವುದಿಲ್ಲ. ಹೋಗುವ ಹೊತ್ತಿಗೆ ವರ್ಷಗಳ ನೋವು ಹಿಂದಿರುತ್ತದೆ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಹೊಡೆತ, ವರದಕ್ಷಿಣೆ ಕಾಟ, ಜೀವನಾಂಶಕ್ಕಾಗಿ ಅಲೆದಾಟ ಇರುವಲ್ಲಿ ನಗುವುದು ಕ್ರೌರ್ಯ. ನಿಜ, ಅಂಥ ಕಥೆಗೆ ಹಾಸ್ಯ ಸಲ್ಲದು. ಆದರೆ ಎಲ್ಲ ವಿಚ್ಛೇದನವೂ ಅಂಥದ್ದಲ್ಲ. ಗೋಳಿನ ಕಥೆಗಳನ್ನಷ್ಟೇ ಕೇಳಿದ ಸಮಾಜ, ಸುಮ್ಮನೆ ಹೊಂದಿಕೆಯಾಗದೆ ಹೊರಬಂದವಳನ್ನೂ ‘ಯಾರದು ತಪ್ಪು’ ಎಂದೇ ಕೇಳುತ್ತದೆ. ಉತ್ತರವಿಲ್ಲದಿದ್ದರೆ ತಪ್ಪು ಅವಳದೇ ಆಗುತ್ತದೆ. ಆ ಪ್ರಶ್ನೆಯನ್ನು ಬಿಡಿಸಲು ಉಪದೇಶಕ್ಕಿಂತ ನಗುವೇ ಸಮರ್ಥ. ಚಿತ್ರದ ಕೊನೆಯಲ್ಲಿ ಭದ್ರಾವತಿಯ ದಂಪತಿ ಒಂದಾಗಲೇಬೇಕೆಂಬ ಹಟ ನಿರ್ದೇಶಕರಿಗೆ ಬೇಡ. ಒಂದಾದರೆ ಅದು ಇಬ್ಬರ ಇಷ್ಟದಿಂದ ಆಗಲಿ. ಬೇರೆಯಾದರೆ ಅದನ್ನೂ ಶುಭವೆಂದೇ ತೋರಿಸಲಿ. 1976ರಲ್ಲಿ ಕಾಯ್ದೆ ಕೊಟ್ಟ ಮರ್ಯಾದೆಯನ್ನು ಕನ್ನಡದ ತೆರೆಯೂ ಕೊಡಬೇಕು.